ತೇವಾಂಶವೂ ಆರ್ದ್ರತೆಯೂ

ಇಂಗ್ಲಿಷಿನಿಂದ ವಿಜ್ಞಾನವನ್ನು ಕನ್ನಡಕ್ಕೆ ತರುವವರಿಗೆ ಒದಗುವ ತೊಡಕೆಲ್ಲ ಕಠಿನ ಪದಗಳಿಂದಲೇ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ. ನನ್ನ ಅಭಿಪ್ರಾಯ ಬೇರೆ. ಕಠಿನ ಪದಕ್ಕೆ ನಿಘಂಟಿದೆ. ಅಲ್ಲಿಯೂ ಸಿಕ್ಕದಿದ್ದರೆ ‘ಎಲೆಕ್ಟ್ರಾನ್’, ‘ಆಕ್ಸಿಜನ್’ ಎಂಬಂತೆ ಆ ಪದವನ್ನೇ ಬರಮಾಡಿಕೊಳ್ಳಬಹುದು. ಮೋಸಮಾಡುವುವು ಸುಲಭವಾದ ಪದಗಳು. ಅವುಗಳಲ್ಲಿಯೂ ಮಾತಿನಲ್ಲಿ ಒಂದೇ ಎನಿಸಿ, ಶಾಸ್ತ್ರದಲ್ಲಿ ಬೇರೆಬೇರೆಯಾಗಿ ನಿಲ್ಲುವ ಜೋಡಿಪದಗಳು. ‘ಹ್ಯೂಮಿಡಿಟಿ’, ‘ಮಾಯಿಶ್ಚರ್’ ಎಂಬುದು ಅಂತಹ ಒಂದು ಜೋಡಿ. ಇವೆರಡನ್ನೂ ನಮ್ಮ ಪತ್ರಿಕೆಗಳು ‘ತೇವಾಂಶ’ವೆಂದೇ ಕರೆಯುವುದುಂಟು. ಇದರಿಂದಾಗುವ ಗೊಂದಲವನ್ನು ಕಾಣಬೇಕಾದರೆ ಸಕಲೇಶಪುರ, ಆಲೂರುಗಳ ಬೆಟ್ಟದ ಸೀಮೆಗಿಂತ ಒಳ್ಳೆಯ ಸ್ಥಳ ದೊರೆಯಲಾರದು.

ಅಲ್ಲಿನ ಬೆಳೆಗಾರನು ಚಳಿಗಾಲದಲ್ಲಿ ಕಾಫಿಯನ್ನು ಕೊಯ್ದು ಕಣದಲ್ಲಿ ಹರಡಿ ಒಣಗಿಸುತ್ತಾನೆ. ವ್ಯಾಪಾರಿಯು ಸಣ್ಣದೊಂದು ಯಂತ್ರದಲ್ಲಿ ಬೀಜವನ್ನು ಹಾಕಿ ನೋಡಿ, ತೇವಾಂಶ ಶೇಕಡ 11 ಎಂದು ಹೇಳುತ್ತಾನೆ. ನೂರು ಕಿಲೋಗ್ರಾಮ್ ಬೀಜದಲ್ಲಿ ಹನ್ನೊಂದು ಕಿಲೋಗ್ರಾಮ್ ನೀರಿದೆ ಎಂಬುದು ಇದರ ಅರ್ಥ. ಅದೇ ಬೆಳೆಗಾರನ ಮಗನು ಆಷಾಢದ ಮಳೆಯಲ್ಲಿ ಪತ್ರಿಕೆಯನ್ನು ಬಿಡಿಸಿದರೆ, ಗಾಳಿಯ ತೇವಾಂಶ ಶೇಕಡ 95 ಎಂದು ಅಚ್ಚಾಗಿರುತ್ತದೆ. ತಂದೆಯಿಂದ ಕಲಿತ ಅರ್ಥವನ್ನೇ ಹುಡುಗನು ಇಲ್ಲಿಗೂ ಹಚ್ಚಿದರೆ, ಗಾಳಿಯ ನೂರು ಪಾಲಿನಲ್ಲಿ ತೊಂಬತ್ತೈದು ಪಾಲು ನೀರೇ ಆಗಬೇಕು. ಮಲೆನಾಡಿನ ಮಳೆ ಜೋರೆಂಬುದೇನೋ ನಿಜ. ಆದರೂ ಮೀನು ಈಜಾಡುವಂತಹ ಗಾಳಿ ಅಲ್ಲಿಲ್ಲ.

ವಸ್ತುಸ್ಥಿತಿ ಹೀಗಿದೆ. 20 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಒಂದು ಘನಮೀಟರ್ ಸ್ಥಳದಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಮ್ ನೀರಾವಿ ನಿಲ್ಲಬಲ್ಲುದು. ಆ ಮಿತಿಯ ನೂರರಲ್ಲಿ ತೊಂಬತ್ತೈದರಷ್ಟು, ಎಂದರೆ 16 ಗ್ರಾಮಿನಷ್ಟು, ಆವಿ ಇದ್ದರೆ ಶೇಕಡ 95 ಎನ್ನುತ್ತೇವೆ. ಅಷ್ಟೇ ಸ್ಥಳದಲ್ಲಿರುವ ಗಾಳಿಯಾದರೋ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ. ತೂಕದಿಂದ ಎಣಿಸಿದರೆ ನೀರಿನ ಪಾಲು ಶೇಕಡ ಒಂದೂವರೆ ಮಾತ್ರ! ಹೋಲಿಕೆ ಗಾಳಿಯೊಡನೆ ಅಲ್ಲ, ಆವಿಯ ಮಿತಿಯೊಡನೆ. ಆ ಮಿತಿಯು ತಾಪವೇರಿದಂತೆ ಏರುತ್ತದೆ. 30 ಡಿಗ್ರಿಯಲ್ಲಿ ಅದು ಸುಮಾರು 30 ಗ್ರಾಮ್.

ಈಗ ಘಟ್ಟವನ್ನಿಳಿದು ಮಂಗಳೂರಿಗೆ ಹೋಗೋಣ. ಅಲ್ಲಿ ತಾಪ 30 ಡಿಗ್ರಿ, ಅಳತೆ ಶೇಕಡ 70 ಎಂದು ಇಟ್ಟುಕೊಳ್ಳಿರಿ. ಒಂದು ಘನಮೀಟರಿನಲ್ಲಿ ಆಗ 21 ಗ್ರಾಮ್ ಆವಿಯಿರುತ್ತದೆ. ಶೇಕಡ 95ರ ಸಕಲೇಶಪುರದ ಗಾಳಿಗಿಂತ ಶೇಕಡ 70ರ ಮಂಗಳೂರಿನ ಗಾಳಿಯಲ್ಲಿ ನೀರು ಹೆಚ್ಚು. ಹಾಗಿದ್ದರೂ ಬಟ್ಟೆ ಒಣಗುವುದು ಮಂಗಳೂರಿನಲ್ಲಿ. ಸಕಲೇಶಪುರದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಬೇಕಾಗುತ್ತದೆ. ಒಣಗುವಿಕೆಯನ್ನು ನಿಶ್ಚಯಿಸುವುದು ಗಾಳಿಯಲ್ಲಿರುವ ನೀರಿನ ಮೊತ್ತವಲ್ಲ, ಮಿತಿಗೆ ಅದು ಎಷ್ಟು ಸಮೀಪದಲ್ಲಿದೆಯೆಂಬುದು. ಗೋಣಿಚೀಲದಲ್ಲಿಟ್ಟ ಕಾಫಿಬೀಜವು ಮಳೆಗಾಲದಲ್ಲಿ ನೀರನ್ನು ಹೀರಿ ಬಣ್ಣಗೆಡುವುದೂ ಇದೇ ಕಾರಣದಿಂದ. ಗಾಳಿಯ ಶೇಕಡ 95 ಬೀಜದ ಶೇಕಡ 11ನ್ನು ಮೇಲಕ್ಕೆತ್ತುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಈ ವಾಕ್ಯವನ್ನು ಹೇಳುವುದು ಹೇಗೆ? ‘ತೇವಾಂಶವು ತೇವಾಂಶವನ್ನು ಹೆಚ್ಚಿಸುತ್ತದೆ’ ಎಂದು ಬರೆದ ವಿದ್ಯಾರ್ಥಿಗೆ ಯಾರು ಅಂಕ ಕೊಟ್ಟಾರು?

ಗಾಳಿಯದಕ್ಕೆ ‘ಆರ್ದ್ರತೆ’, ಬೀಜ, ಭತ್ತ, ಮಣ್ಣುಗಳದಕ್ಕೆ ‘ತೇವಾಂಶ’ ಎಂದು ಪಠ್ಯಪುಸ್ತಕಗಳೂ ಪತ್ರಿಕೆಗಳೂ ಗೆರೆ ಎಳೆದುಕೊಳ್ಳಬೇಕೆಂಬುದು ನನ್ನ ವಾದ. ಆರ್ದ್ರತೆಯು ಸಂಸ್ಕೃತದ ಮಾತು, ಹಳ್ಳಿಯ ಹುಡುಗರಿಗೆ ತಿಳಿಯದು ಎಂದು ಆಕ್ಷೇಪಿಸುವವರಿದ್ದಾರೆ. ಈ ಆಕ್ಷೇಪ ಪೇಟೆಯಲ್ಲಿ ಕುಳಿತವರದು. ಜೂನ್ ತಿಂಗಳ ಕೊನೆಯಲ್ಲಿ ಬರುವ ಆರಿದ್ರಾ ಮಳೆಯನ್ನರಿಯದ ಒಕ್ಕಲಿಗನು ನಮ್ಮ ನಾಡಿನಲ್ಲಿ ಇದ್ದಾನೆಯೆ? ಒದ್ದೆ ಎಂಬ ಅರ್ಥವುಳ್ಳ ಅದೇ ಶಬ್ದವು ನಕ್ಷತ್ರದ ಹೆಸರಾಗಿ ಅವನ ನಾಲಗೆಯ ಮೇಲಿದೆ. ಉಪಾಧ್ಯಾಯರು ಅಷ್ಟನ್ನು ನೆನಪುಮಾಡಿಕೊಟ್ಟರೆ ಸಾಕು.

ದೋಷವನ್ನೆಲ್ಲ ಇಂಗ್ಲಿಷಿನ ಮೇಲೆ ಹೊರಿಸುವುದೂ ಸರಿಯಲ್ಲ. ನಮ್ಮ ‘ಅಂಶ’ವೇ ಎರಡು ಮುಖದ ಪದ. ತೇವಾಂಶದಲ್ಲಿ ಅದು ಪಾಲು. ಅಕ್ಷಾಂಶ, ರೇಖಾಂಶಗಳಲ್ಲಿ ಡಿಗ್ರಿ. ‘ಇಂದಿನ ಉಷ್ಣಾಂಶ 32 ಡಿಗ್ರಿ’ ಎಂದು ಓದಿದ ವಿದ್ಯಾರ್ಥಿ ಯಾವುದನ್ನು ಹಿಡಿಯಬೇಕು? ಪಾಲು ಎಂದು ಹಿಡಿದರೆ ತಾಪವೂ ಉಷ್ಣದ ಮೊತ್ತವೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಕುದಿಯುವ ಒಂದು ಲೋಟ ನೀರಿಗಿಂತ ಬೆಚ್ಚಗಿನ ಒಂದು ಹಂಡೆ ನೀರಿನಿಂದ ಹೆಚ್ಚು ಉಷ್ಣವನ್ನು ಪಡೆಯಬಹುದೆಂಬುದನ್ನು ಅಂತಹವನಿಗೆ ತಿಳಿಸುವುದು ಬಲು ಕಷ್ಟ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು: ಇಂಗ್ಲಿಷಿನ ಒಂದೇ ಪದಕ್ಕೆ ಕನ್ನಡದಲ್ಲಿ ಹಲವು. ‘ಪವರ್’ ಎಂಬುದು ಗಣಿತದಲ್ಲಿ ಘಾತ, ಯಂತ್ರದಲ್ಲಿ ಸಾಮರ್ಥ್ಯ, ರಾಜಕೀಯದಲ್ಲಿ ಅಧಿಕಾರ. ನಮ್ಮ ಪುಸ್ತಕಗಳು ‘ಎನರ್ಜಿ’ಗೆ ಶಕ್ತಿಯೆಂದೂ ‘ಪವರ್’ಗೆ ಸಾಮರ್ಥ್ಯವೆಂದೂ ಸರಿಯಾಗಿಯೇ ನಿಯಮಿಸಿವೆ. ಆದರೆ ಪಂಪಿನ ಮಾತು ಬಂದೊಡನೆ ಸಾಮರ್ಥ್ಯವನ್ನು ಕೈಬಿಟ್ಟು ‘ಐದು ಅಶ್ವಶಕ್ತಿ’ ಎನ್ನುತ್ತೇವೆ! ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ, 1979ರಲ್ಲಿ ಪೂರ್ಣಗೊಂಡ ರೈಲುಮಾರ್ಗದಲ್ಲಿ ಐವತ್ತು ಮೀಟರಿಗೆ ಒಂದು ಮೀಟರ್ ಏರಿಕೆಯಿದೆ. 1000 ಟನ್ನಿನ ಗಾಡಿಯನ್ನು ಮೇಲಕ್ಕೆಳೆಯಲು, ಘರ್ಷಣೆಯನ್ನು ಬಿಟ್ಟರೂ, 20 ಟನ್ನಿನ ತೂಕಕ್ಕೆ ಸಮನಾದ ಬಲ ಬೇಕು. ನಿಧಾನವಾಗಿ ಹತ್ತಿದರೂ ಬೇಗ ಹತ್ತಿದರೂ ಈ ಬಲವು ಅಷ್ಟೇ. ಘಟ್ಟದ ತಲೆಯನ್ನು ಮುಟ್ಟಲು ಈ ಏರಿಕೆಗಾಗಿ ತಗಲುವ ಶಕ್ತಿಯೂ ಅಷ್ಟೇ. ವೇಗವನ್ನು ಇಮ್ಮಡಿಸಿದರೆ ಇಮ್ಮಡಿಯಾಗುವುದು ಸಾಮರ್ಥ್ಯ. ಮೂರಕ್ಕೂ ‘ಶಕ್ತಿ’ ಎನ್ನುವ ಅನುವಾದಕನು ಈ ಗಾಡಿಯನ್ನು ಘಟ್ಟ ಹತ್ತಿಸಲಾರ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಾಗ ಕನ್ನಡದಲ್ಲಿ ಪದಗಳ ಬಡತನವಿತ್ತು. ಇಂದು ಪದಗಳಿವೆ, ಇರುವುದನ್ನು ಇರುವ ಸ್ಥಾನದಲ್ಲಿ ನಿಲ್ಲಿಸುವ ಶಿಸ್ತು ಸಾಲದು. ಪಠ್ಯಪುಸ್ತಕದ ಕೊನೆಯ ಪದಪಟ್ಟಿಯಲ್ಲಿ ಪ್ರತಿ ಪದದ ಎದುರಿಗೆ ಅದರ ಏಕಮಾನವನ್ನೂ ಅಚ್ಚುಹಾಕಬೇಕು: ಬಲಕ್ಕೆ ನ್ಯೂಟನ್, ಶಕ್ತಿಗೆ ಜೂಲ್, ಸಾಮರ್ಥ್ಯಕ್ಕೆ ವಾಟ್. ಸಂಶಯ ಬಂದಾಗ ಮೂಲದ ಏಕಮಾನವನ್ನು ನೋಡಿದರೆ ಯಾವ ಕನ್ನಡಪದ ಸಲ್ಲುವುದೆಂದು ತಾನೇ ಗೊತ್ತಾಗುತ್ತದೆ. ಆರ್ದ್ರತೆ, ತೇವಾಂಶಗಳ ಪ್ರಕರಣ ಇದಕ್ಕಿಂತ ಕಠಿನ. ಎರಡೂ ಶೇಕಡದಲ್ಲಿಯೇ ಬರುವುದರಿಂದ ಏಕಮಾನವು ಅಲ್ಲಿ ನೆರವಿಗೆ ಬಾರದು. ಅವುಗಳ ಎದುರಿಗೆ ಯಾವುದರ ಶೇಕಡ ಎಂಬುದನ್ನೇ ಬರೆಯಬೇಕು: ಒಂದಕ್ಕೆ ‘ಒಟ್ಟು ತೂಕದ’, ಇನ್ನೊಂದಕ್ಕೆ ‘ಆವಿಯ ಮಿತಿಯ’.