ನಾಣ್ಯದ ಬೆಲೆ ಮತ್ತು ವ್ಯಾಪಾರಿಯ ಮೌನ

ನಾಣ್ಯ ಹಳೆಯದಾದಷ್ಟೂ ಅದರ ಬೆಲೆ ಹೆಚ್ಚೆಂಬ ನಂಬಿಕೆ ಜನರಲ್ಲಿ ಬೇರೂರಿದೆ. ಇದು ಭ್ರಮೆ, ಈ ಭ್ರಮೆಯೇ ಕೆಲವರ ಬಂಡವಾಳ.

1918ರ ರೂಪಾಯಿಯನ್ನೂ 1939ರ ರೂಪಾಯಿಯನ್ನೂ ಹೋಲಿಸಿ ನೋಡಬೇಕು. ಎರಡೂ 11.66 ಗ್ರಾಂ ತೂಕದವು. ಎರಡರಲ್ಲಿಯೂ ಬೆಳ್ಳಿ ಶೇಕಡಾ 91.7. ಕೋಟಿಗಟ್ಟಲೆ ಅಚ್ಚಾದ ಮೊದಲನೆಯದು ವಯಸ್ಸಿನಲ್ಲಿ ಹಿರಿದಾದರೂ, ಸವೆದ ಸ್ಥಿತಿಯಲ್ಲಿ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಎರಡನೆಯದು ಉಳಿದಿರುವುದೇ ಅತ್ಯಲ್ಪ. ಆರನೆಯ ಜಾರ್ಜನ ರೂಪಾಯಿಗಳನ್ನು ವರ್ಷವಾರು ಜೋಡಿಸುವ ಸಂಗ್ರಾಹಕನಿಗೆ ಅದಿಲ್ಲದೆ ಸಾಲು ಪೂರ್ಣವಾಗದು. ಆದುದರಿಂದ ಅದರ ಬೆಲೆ ಬೆಳ್ಳಿಯ ಬೆಲೆಗಿಂತ ಎಷ್ಟೋ ಪಟ್ಟು ಅಧಿಕ. ವಿರಳತೆಯೊಂದೇ ಸಾಲದು, ಬೇಡುವವರಿಲ್ಲದ ವಿರಳ ನಾಣ್ಯಕ್ಕೆ ಬೆಲೆಯಿಲ್ಲ. ಸ್ಥಿತಿಯೂ ಮುಖ್ಯ: ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ ನಾಣ್ಯವನ್ನು ಸಂಗ್ರಾಹಕರು ಕೀಳಾಗಿ ಎಣಿಸುತ್ತಾರೆ.

ಇದನ್ನೆಲ್ಲ ಬಲ್ಲ ವ್ಯಾಪಾರಿಯು ಅರಿಯದವರಿಂದ ವಿರಳ ನಾಣ್ಯವನ್ನು ತೂಕದ ಬೆಲೆಗೆ ಕೊಂಡರೆ ಅದು ಜಾಣತನವೆನಿಸೀತೆ? ‘ತಿಳಿವಳಿಕೆಗೂ ಲಾಭ ಬೇಡವೆ?’ ಎಂದು ವಾದಿಸುವವರುಂಟು. ಬೇಕು, ನಾಣ್ಯದ ನಿಜವನ್ನು ತಿಳಿಸಿ, ನ್ಯಾಯವಾದ ಲಾಭ ಪಡೆಯಲಿ. ನಿಜವನ್ನು ಮುಚ್ಚಿಟ್ಟು ಗಳಿಸಿದುದು, ತಕ್ಕಡಿ ಸರಿಯಿದ್ದರೂ, ಚೌರ್ಯವೇ.

ಸಾಮಾನ್ಯ ನಾಣ್ಯಕ್ಕೆ ಲಕ್ಷಗಳ ಆಸೆ ತೋರಿಸಿ ಮುಂಗಡ ಶುಲ್ಕ ಕಸಿಯುವುದು ಇದೇ ಮೋಸದ ಇನ್ನೊಂದು ಮುಖ. ತನ್ನ ಹೆಸರು, ಲಾಂಛನಗಳನ್ನು ಬಳಸಿ ನಡೆಸುವ ಇಂತಹ ವಂಚನೆಯ ಕುರಿತು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು.

ಬಸದಿಗಳ ಆಡಳಿತ ಮಂಡಳಿಗಳಾದರೂ ಭಂಡಾರದ ಹಳೆಯ ನಾಣ್ಯಗಳನ್ನು ಕರಗಿಸಲು ಕೊಡುವ ಮುನ್ನ ಬಲ್ಲವರಿಗೆ ತೋರಿಸಲಿ. ಭಕ್ತರು ಅರ್ಪಿಸಿದ ದ್ರವ್ಯವನ್ನು ಅಜ್ಞಾನದಿಂದ ಕಳೆಯುವುದೂ ದೋಷವೇ.