ಪಡುವಣದ ಮೋಡ

ಯೇಸುವಿನ ನಾಡಿನ ರೈತ ಮಳೆಗಾಗಿ ಪಡುವಣವನ್ನೇ ನೋಡುತ್ತಿದ್ದ. ಮೆಡಿಟರೇನಿಯನ್ ಸಮುದ್ರ ಇರುವುದು ಅತ್ತಲೇ. ಮರುಭೂಮಿಯಿರುವ ತೆಂಕಣದ ಗಾಳಿ ಬಂದರೆ ಸೆಕೆ. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸು ಈ ತಿಳಿವಳಿಕೆಯನ್ನು ಹಳಿಯುವುದಿಲ್ಲ. ಆಕಾಶ ಓದಬಲ್ಲವರು ಕಾಲವನ್ನೇಕೆ ಓದಲಾರರು ಎಂಬುದೇ ಆತನ ಆಕ್ಷೇಪ. ಮಾತು ಖಾರವಾಗಿಯೇ ಇದೆ.

ಮತ್ತಾಯನ 5ನೇ ಅಧ್ಯಾಯದ ಮಳೆ ಇನ್ನೂ ಕಷ್ಟದ್ದು. ನೀತಿವಂತರ ಹೊಲ, ಅನೀತಿವಂತರ ಹೊಲ ಎಂದು ಅದು ಭೇದ ಮಾಡುವುದಿಲ್ಲ. ಹಿರಿಯರಿಗೆ ಇದು ಕೇಳಲು ಹಿತ. ನಕಲು ಹೊಡೆದ ಗೆಳೆಯ ಮುಂದಾಗಿ, ರಾತ್ರಿಯೆಲ್ಲ ಓದಿಯೂ ಹಿಂದುಳಿದ ಹುಡುಗನಿಗೆ? ಸಿಟ್ಟು ಬಂದೇ ಬರುತ್ತದೆ. ಬಂತೆಂದು ಅವನ ನಂಬಿಕೆ ಸುಳ್ಳಲ್ಲ. 73ನೇ ಕೀರ್ತನೆಯ ಕವಿಯೂ ದುಷ್ಟರ ಸುಖ ಕಂಡು ಹೊಟ್ಟೆಕಿಚ್ಚುಪಟ್ಟದ್ದನ್ನು ದೇವರೆದುರು ಮುಚ್ಚಿಡಲಿಲ್ಲ. ಮೋಡ ಕಂಡೊಡನೆ ಕೊಡೆ ಕೊಟ್ಟು ಕಳಿಸುವ ಅಮ್ಮ ಹುಡುಗನ ಮುಖವನ್ನೂ ನೋಡಿದ್ದರೆ ಅಂದು ಅಂಕದ ಮಾತೆತ್ತುವುದಿಲ್ಲ.