ಮಾರೋದು ಅಂದ್ರ ಟೋಪಿ ಹಾಕೋದಲ್ಲ

ಮೊನ್ನೆ ಎಳ್ಳಮಾಸಿ ಮುಂದ ನಮ್ಮ ನೆಗೆಣ್ಣಿ ಮನ್ಯಾಗ ಐದಾರು ಮಂದಿ ಕೂಡಿ ಸಜ್ಜಿ ರೊಟ್ಟಿ ಬಡಿಯಾಕ ಕುಂತಿದ್ವಿ. ಆಕಿ ರೊಟ್ಟಿ ನಿಮಗೆಲ್ಲಾ ಗೊತ್ತೇ ಐತಿ. ಹಪ್ಪಳದಂಗ ತೆಳು, ಅಂಚು ಎಲ್ಲೂ ಹರಿದಿರಂಗಿಲ್ಲ, ಕಟಕ್ ಮಾಡಿ ಇಟ್ರ ತಿಂಗಳಾದ್ರೂ ಮೆತ್ತಗಾಗಂಗಿಲ್ಲ. ಬಾಜೂ ಮನಿ ಅಕ್ಕಾರು, "ಇಷ್ಟು ಚಂದ ಬಡೀತಿ, ಮಾರಬಾರದೇನವಾ?" ಅಂದ್ರು. ನೆಗೆಣ್ಣಿ ಕೈಯಾಗಿನ ಹಿಟ್ಟು ಜಾಡಿಸ್ಕೋತ, "ಅಯ್ಯ, ನನಗ ಮಾರಾಕ ಬರಂಗಿಲ್ಲ ಬಿಡ್ರಿ. ಅದಕ್ಕ ಬಾಯಿ ಬೇಕಲ್ರೀ" ಅಂದ್ಲು. ಅಲ್ಲೇ ಕುಂತಿದ್ದ ದೊಡ್ಡವ್ವ, "ಅನ್ನಾ ಮಾರಬಾರದವ್ವ, ಪಾಪ ಬರ್ತೈತಿ" ಅಂತ ಸೇರಿಸಿದ್ಲು.

ನಾ ಸುಮ್ನಿದ್ದೆ. ಯಾವಾಗ್ಲೂ ಪಟಪಟ ಮಾತಾಡೋ ನಾನು ಅವತ್ತು ಸುಮ್ನಿರಾಕ ಕಾರಣ ಐತಿ. ಅದನ್ನ ಇವತ್ತು ಹೇಳಿಬಿಡ್ತೀನಿ.

ಕೆಲವು ವರ್ಷದ ಹಿಂದ ನಾನೂ ಮಾರಿದ್ದೆ. ಗೆಳತಿ ಒಬ್ಬಾಕಿ ಒಂದು ಮೀಟಿಂಗಿಗೆ ಕರಕೊಂಡು ಹೋದ್ಲು. ಅಲ್ಲಿ ಪ್ರೋಟೀನ್ ಪುಡಿ ಡಬ್ಬಿ, ದೊಡ್ಡ ದೊಡ್ಡ ಮಾತು, ಚಪ್ಪಾಳೆ. ನೀವು ಮಾರ್ರಿ, ನಿಮ್ಮ ಕೆಳಗ ಇನ್ನೂ ಮೂರು ಮಂದಿನ್ನ ಸೇರಿಸ್ರಿ, ಮನ್ಯಾಗ ಕುಂತು ರೊಕ್ಕ ಎಣಿಸ್ರಿ ಅಂದ್ರು. "ನಿಮ್ಮ ಬಳಗದವರ ಪಟ್ಟಿ ಮಾಡ್ರಿ" ಅಂದಾಗ ನಾ ಮೊದಲು ಬರದದ್ದು ನಿಮ್ಮ ಹೆಸರು. ಚಿಗವ್ವಗ ಮೊಣಕಾಲು ನೋವು ಹೋಗ್ತೈತಿ ಅಂತ ಹೇಳಿದೆ. ಹೋಗತೈತೋ ಇಲ್ಲೋ ನನಗ ಏನೂ ಗೊತ್ತಿರ್ಲಿಲ್ಲ. ಆಕಿ ನನ್ನ ಮಾರಿ ನೋಡಿ ತಗೊಂಡ್ಲು, ಡಬ್ಬಿ ನೋಡಿ ಅಲ್ಲ. ನೋವೂ ಹೋಗ್ಲಿಲ್ಲ, ರೊಕ್ಕಾನೂ ತಿರುಗಿ ಬರ್ಲಿಲ್ಲ. ಅದಾದ ಮ್ಯಾಲ ಒಂದು ವರ್ಷ ನಾ ಫೋನ್ ಹಚ್ಚಿದ್ರ ಚಿಗವ್ವ ಎತ್ತಂಗಿರ್ಲಿಲ್ಲ. ಮತ್ತೇನರೆ ಮಾರಾಕ ಹಚ್ಯಾಳ ಅಂತ ಆಕಿ ತಿಳಕೊಂಡಿದ್ಲು. ನಿಮ್ಮೊಳಗ ನಾಕೈದು ಮಂದಿ ಅಡಗಿ ಮನ್ಯಾಗ ಆ ಡಬ್ಬಿ ಇನ್ನೂ ಇರಬಹುದು. ಈಗ ಬ್ಯಾಳಿ ಹಾಕಿ ಇಟ್ಟಿರತೀರಿ, ನಾ ನೋಡೇನಿ.

ಮಂದಿನ್ನ ಸೇರಿಸಿದ್ದಕ್ಕ ರೊಕ್ಕ ಕೊಡೋ ಇಂಥಾ ಪಿರಮಿಡ್ ಸ್ಕೀಮು ನಡಸಬಾರದು ಅಂತ ಕೇಂದ್ರ ಸರಕಾರ 2021ರ ಡಿಸೆಂಬರದಾಗ ಹೊರಡಿಸಿದ ನೇರ ಮಾರಾಟದ ನಿಯಮದಾಗೂ ಐತಿ. ಆದ್ರ ಕಾನೂನು ಹೇಳೂಕ್ಕಿಂತ ಮೊದಲೇ ನನಗ ಚಿಗವ್ವನ ಫೋನು ಹೇಳಿತ್ತು.

ಅವತ್ತಿಂದ ನಾನೂ ನೆಗೆಣ್ಣಿ ಹಂಗ "ನನಗ ಮಾರಾಕ ಬರಂಗಿಲ್ಲ" ಅನ್ನಾಕ ಹತ್ತಿದೆ. ಈಗ ಅನಸ್ತೈತಿ, ಅದೂ ತಪ್ಪು. ನಾ ಅವತ್ತು ಮಾಡಿದ್ದು ಮಾರಾಟ ಅಲ್ಲ, ನಂಬಿಕಿ ಒತ್ತಿ ಇಟ್ಟದ್ದು. ಖರೇ ಮಾರೋದು ಬ್ಯಾರೆ ವಿದ್ಯಾ. ಅದನ್ನ ನಾವು ಹೆಣ್ಮಕ್ಕಳು ಕಲೀಲೇಬೇಕು ಅಂತ ನನ್ನ ಮಾತು.

ಮೊದಲು ದೊಡ್ಡವ್ವನ ಮಾತಿಗೆ ಬರ್ತೀನಿ. ಹಸದು ಬಾಗಲಿಗೆ ಬಂದವರಿಗೆ ಅನ್ನ ಮಾರಬಾರದು, ಅದನ್ನ ನಾನೂ ಒಪ್ಪತೀನಿ. ಆದ್ರ ರೊಕ್ಕ ಇದ್ದು, ಬಡಿಯಾಕ ಪುರುಸೊತ್ತು ಇಲ್ಲದಾಕಿಗೆ ರೊಟ್ಟಿ ಕೊಟ್ಟು ದುಡಿಮಿ ಇಸಕೊಂಡ್ರ ಯಾವ ಪಾಪ? ನಮ್ಮ ಊರು ಊರಾಗ ಖಾನಾವಳಿ ನಡಸೋ ಅಕ್ಕಾರು ಎಷ್ಟು ಮಕ್ಕಳನ್ನ ಓದಿಸಿಲ್ಲ? ದೊಡ್ಡವ್ವ ಸಿಟ್ಟಾಗಬ್ಯಾಡ, ಆದ್ರೂ ಹೇಳ್ತೀನಿ. ಜೀವನಪೂರ್ತಿ ಓಣಿಗೆಲ್ಲಾ ಶಾವಿಗಿ, ಸಂಡಿಗಿ, ಹೋಳಗಿ ಮಾಡಿ ಹಂಚಿದಿ. ನಿನ್ನ ಕಣ್ಣಿನ ಪೊರೆ ಆಪರೇಶನ್ ಆಗಬೇಕಾದಾಗ ಎಂಟು ತಿಂಗಳು ಮಕ್ಕಳ ಮಾರಿ ನೋಡ್ಕೋತ ಕುಂತಿ. ಅವರು ಕೊಡಲಿಲ್ಲ ಅಂತಲ್ಲ, ಕೇಳಾಕ ನಿನಗ ನಾಚಿಕಿ ಆತು. ನಿನ್ನ ಕೈಯಾಗ ನಿನ್ನವೇ ರೊಕ್ಕ ಇದ್ದಿದ್ರ ಆ ಎಂಟು ತಿಂಗಳು ಕಣ್ಣು ಮಂಜಾಗಿ ಇರ್ತಿರ್ಲಿಲ್ಲ.

ಲಿಜ್ಜತ್ ಪಾಪಡದ ಕಥಿ ನೋಡ್ರಿ. 1959ರ ಮಾರ್ಚ್ 15ಕ್ಕ ಮುಂಬೈದ ಗಿರಗಾಂವದಾಗ ಏಳು ಮಂದಿ ಹೆಣ್ಮಕ್ಕಳು ಮಾಳಿಗಿ ಮ್ಯಾಲ ಕುಂತು ಹಪ್ಪಳ ಲಟ್ಟಿಸಿದ್ರು. ಬಂಡವಾಳ 80 ರೂಪಾಯಿ, ಅದೂ ಸಾಲ. ಮೊದಲನೇ ದಿನ ಆದದ್ದು ನಾಕು ಪಾಕೀಟು. ನಾವೂ ನಾಕು ಪಾಕೀಟು ಹಪ್ಪಳ ಮಾಡ್ತೀವಿ, ಅದರಾಗ ಏನು ದೊಡ್ಡದು? ದೊಡ್ಡದು ಏನಂದ್ರ, ಅವರು ಆ ನಾಕು ಪಾಕೀಟು ಅಂಗಡಿಯವಗ ಮಾರಿದ್ರು. ನಷ್ಟ ಆದ್ರೂ ಯಾರ ಹತ್ರಾನೂ ದೇಣಿಗಿ ಬೇಡಂಗಿಲ್ಲ ಅಂತ ಗಟ್ಟಿ ಮಾಡಿದ್ರು. ಆ ಏಳು ಮಂದ್ಯಾಗ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಾಗ ಪದ್ಮಶ್ರೀ ಬಂತು. ಹಪ್ಪಳ ಲಟ್ಟಸಾಕ ಬರೋರು ಊರ ತುಂಬಾ ಇದ್ರು. "ನಮ್ಮ ಹಪ್ಪಳಕ್ಕ ಇಷ್ಟು ರೇಟು" ಅಂತ ಹೇಳಾಕ ಬಂದೋರು ಇವರು.

ಈಗ ನೆಗೆಣ್ಣಿ ಲೆಕ್ಕ. ಎಳ್ಳಮಾಸಿ ಮುಗದ ಮರುದಿನ ನಾವಿಬ್ಬರೂ ಹಾಳಿ ಪೆನ್ನು ಹಿಡಕೊಂಡು ಕುಂತ್ವಿ. "ಎಷ್ಟಕ್ಕ ಕೊಡ್ತಿ?" ಅಂದೆ. "ಐದು ರೂಪಾಯಿಗೊಂದು ಸಾಕಲ್ಲ" ಅಂದ್ಲು. ಒಂದು ಕಿಲೋ ಜೋಳದ ಹಿಟ್ಟಿನಾಗ ಆಕಿಗೆ ಹೆಚ್ಚು ಕಡಿಮಿ 20 ರೊಟ್ಟಿ ಆಗ್ತಾವ. ಜೋಳ, ಗಿರಣಿ, ಗ್ಯಾಸು, ಚೀಲ ಎಲ್ಲಾ ಕೂಡಿ 90 ರೂಪಾಯಿ ಬಿತ್ತು. ಅಂದ್ರ ರೊಟ್ಟಿಗೆ ನಾಕೂವರಿ. ಐದಕ್ಕ ಮಾರಿದ್ರ ಉಳಿಯೋದು ಎಂಟಾಣೆ. ತಾಸಿಗೆ 30 ರೊಟ್ಟಿ ಬಡದ್ರ ಆಕಿ ಕೂಲಿ 15 ರೂಪಾಯಿ! ಒಲಿ ಮುಂದ ಬೆವರು ಸುರಿಸಿ, ಹೆಗಲು ಹರಕೊಂಡು, 15 ರೂಪಾಯಿ. ಎಂಟಕ್ಕ ಮಾರಿದ್ರ ಅದೇ ತಾಸಿಗೆ 105 ಆಗ್ತೈತಿ. ಹಾಳಿ ನೋಡಿ ಆಕಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. "ಮತ್ತ ಎಂಟು ಅಂತ ಹ್ಯಾಂಗ ಅನ್ನಲಿ?" ಅಂದ್ಲು.

ಇಲ್ಲೇ ಐತಿ ನೋಡ್ರಿ ಎಲ್ಲಾ. ರೊಟ್ಟಿ ಬಡಿಯಾಕ ಬರ್ತೈತಿ, ಎಂಟು ಅನ್ನಾಕ ಬರಂಗಿಲ್ಲ.

ಇದು ರೊಟ್ಟಿಗಷ್ಟ ಅಲ್ಲ. ನನ್ನ ಮಗಳು ಬೆಂಗಳೂರಾಗ ಮೊದಲನೇ ನೌಕರಿ ಇಂಟರ್ವ್ಯೂಕ್ಕ ಹೋದಾಗ ಪಗಾರ ಎಷ್ಟು ಬೇಕು ಅಂತ ಕೇಳಿದ್ರಂತ. "ನೀವು ತಿಳದು ಕೊಡ್ರಿ ಸರ್" ಅಂದು ಬಂದಾಳ. ಯಾರ ಬಾಯಾಗಿನ ಮಾತು ಅದು? ನಂದು. ಹೊಲಿಗಿ ಮಶೀನ್ ಮುಂದ ಕುಂತು ಬ್ಲೌಜ್ ಹೊಲದು ಕೊಟ್ಟಾಗೆಲ್ಲಾ "ನೀವು ತಿಳದು ಕೊಡ್ರಿ" ಅಂತಿದ್ದೆ. ಮಗಳು ಕೇಳಿ ಕೇಳಿ ಅದನ್ನ ಕಲತಾಳ. ಆಕಿ ಜೋಡಿ ಸೇರಿದ ಹುಡುಗ, ಅಷ್ಟ ಓದಿದಾಂವ, ಬಾಯಿ ಬಿಟ್ಟು ಕೇಳಿದಾಂವ, ಆಕಿಗಿಂತ ಹೆಚ್ಚಿಗೆ ತಗೋತಿದ್ದ. ಎರಡು ವರ್ಷ ಆದಮ್ಯಾಲ ಆಕಿ ತಾ ಮಾಡಿದ ಕೆಲಸಾನೆಲ್ಲಾ ಒಂದು ಹಾಳ್ಯಾಗ ಬರಕೊಂಡು, ಎಷ್ಟು ಬೇಕು ಅಂತ ಹೇಳಿ, ಸುಮ್ನ ಕುಂತ್ಲಂತ. ಕೇಳಿದಷ್ಟು ಸಿಗಲಿಲ್ಲ, ಅರ್ಧ ಸಿಕ್ತು. ಅರ್ಧ ಅಂದ್ರೂ ತಿಂಗಳ ತಿಂಗಳ ಬರೋದಲ್ಲ?

ಹಂಗಾರ ಕಲಿಯೋದು ಏನು? ನನಗ ತಿಳದದ್ದು ಇಷ್ಟು.

ಮೊದಲನೇದು, ಕಿವಿ. ಮಾರಾಕ ಬಾಯಿ ಬೇಕು ಅಂತೀರಲ್ಲ, ಅದು ಸುಳ್ಳು. ಪುಡಿ ಮಾರುವಾಗ ನನಗ ಬಾಯಿ ರಗಡ ಇತ್ತು, ಕಿವಿ ಇರ್ಲಿಲ್ಲ. ಚಿಗವ್ವಗ ಬೇಕಾಗಿದ್ದದ್ದು ಡಾಕ್ಟರ ಹತ್ರ ಕರಕೊಂಡು ಹೋಗೋ ಜೋಡಿ, ಡಬ್ಬಿ ಅಲ್ಲ. ಸೀರಿ ಅಂಗಡ್ಯಾಗ ನೋಡ್ರಿ, ಚಲೋ ಹುಡುಗ ಮೊದಲು "ಯಾರ ಮದುವೀರಿ, ಮನ್ಯಾಗಿಂದೋ ಬಳಗದ್ದೋ?" ಅಂತ ಕೇಳ್ತಾನ. ಆಮ್ಯಾಲ ಇಳಕಲ್ ಬಿಚ್ಚತಾನ. ಬಾಣಂತಿಗೆ ಏನು ಬೇಕು, ಹಾಸ್ಟೆಲ್ ಹುಡುಗರಿಗೆ ಏನು ಬೇಕು ಅಂತ ಕೇಳಿ ತಿಳಕೊಳ್ಳಾಕ ನೆಗೆಣ್ಣಿಯಂಥಾ ಕಡಿಮಿ ಮಾತಿನಾಕಿನೇ ಚಲೋ.

ಎರಡನೇದು, ರೇಟು ಹೇಳಿ ಬಾಯಿ ಮುಚ್ಚೋದು. "ಎಂಟು ರೂಪಾಯಿ, ಆದ್ರ ನಿಮಗ ಹೆಚ್ಚಾತೇನೋ, ಏಳು ಕೊಟ್ಟರೂ ನಡೀತೈತಿ" ಅಂತ ನಮ್ಮ ರೇಟು ನಾವ ಇಳಸ್ತೀವಿ, ಎದುರಿನಾಕಿ ಇನ್ನೂ ಬಾಯೇ ಬಿಟ್ಟಿರಂಗಿಲ್ಲ! ಎಂಟು ಅನ್ನು, ಸುಮ್ನಿರು.

ಮೂರನೇದು, ಇದ್ದದ್ದು ಇದ್ದಂಗ ಹೇಳೋದು. ಇವತ್ತಿನ ರೊಟ್ಟಿ ಜರಾ ದಪ್ಪ ಆಗ್ಯಾವ ಅಂದ್ರ ಗಿರಾಕಿ ಓಡಿ ಹೋಗಂಗಿಲ್ಲ. ಮರುವಾರ "ಭಾಳ ಚಲೋ ಆಗ್ಯಾವ" ಅಂದಾಗ ನಂಬತಾಳ.

ನಾಕನೇದು, "ಬ್ಯಾಡ" ಅಂದ್ರ ಬ್ಯಾಡ. ಎರಡನೇ ಸಲ ಒತ್ತಾಯ ಮಾಡಬಾರದು. ಬ್ಯಾಡ ಅಂದಾಕಿ ನಾಳೆ ಓಣ್ಯಾಗ ನಿಮ್ಮನ್ನ ನೋಡಿ ದಾರಿ ಬದಲಿಸಿದ್ರ, ಅದು ರೊಕ್ಕಕ್ಕಿಂತ ದೊಡ್ಡ ನಷ್ಟ. ಇದನ್ನ ನನ್ನಷ್ಟು ಚಲೋ ಯಾರೂ ಹೇಳಲಿಕ್ಕಿಲ್ಲ.

ಇನ್ನ ಕೊಳ್ಳೋರಿಗೆ, ಅಂದ್ರ ನಮಗೂ ನಿಮಗೂ, ಒಂದು ಮಾತು. ಹೊರಗಿನವರಿಗಿಂತ ಬಳಗದವರೇ ಕೆಟ್ಟ ಗಿರಾಕಿ. ಮಾಲಿನಾಗ ಬರದಷ್ಟು ರೊಕ್ಕ ಕೊಟ್ಟು ಬರ್ತೀವಿ. "ನಮ್ಮಾಕಿ ಅಲ್ಲೇನ" ಅಂತ ನೆಗೆಣ್ಣಿ ರೊಟ್ಟಿಗೆ ಮಾತ್ರ ಚೌಕಾಶಿ ಮಾಡ್ತೀವಿ, ಇಲ್ಲಾ ಪುಕ್ಕಟೆ ಒಯ್ತೀವಿ. ನಮ್ಮಾಕಿ ಆದ್ರ ಒಂದು ರೂಪಾಯಿ ಹೆಚ್ಚಿಗೆ ಕೊಡಬೇಕಲ್ಲ? ಹೆಣ್ಮಗಳ ದುಡಿಮಿಗೆ ಬೆಲಿ ಇಲ್ಲ ಅಂತ ಗಂಡಸರ ಮ್ಯಾಲ ಸಿಟ್ಟು ಮಾಡೋದಕ್ಕ ಮೊದಲು ನಮ್ಮ ಕೈಚೀಲ ನೋಡ್ಕೊಳ್ಳೋಣು.

ಚಿಗವ್ವನ ಮನಿಗೆ ಹೋದ ವಾರ ಹೋಗಿದ್ದೆ. ಪುಡಿ ರೊಕ್ಕ ತಿರುಗಿ ಕೊಟ್ಟೆ. ಬ್ಯಾಡ ಅಂದ್ಲು, ಆಮ್ಯಾಲ ಎಣಿಸಿ ಉಡಿಗಂಟಿಗೆ ಕಟ್ಟಿಕೊಂಡ್ಲು. ಉಳಿದವರು ಯಾರಿಗೆ ಕೊಡಬೇಕು ಅನ್ನೋದು ನನ್ನ ಹತ್ರ ಬರದಿಟ್ಟದ್ದು ಐತಿ, ಒಬ್ಬೊಬ್ಬರ ಮನಿಗೆ ಬರ್ತೀನಿ.

ನೆಗೆಣ್ಣಿ ಬರೋ ಸೋಮವಾರದಿಂದ ಶುರು ಮಾಡ್ತಾಳ. ಮೊದಲನೇ 50 ರೊಟ್ಟಿ ಬಾಜೂ ಮನಿ ಅಕ್ಕಾರು ಹೇಳ್ಯಾರ. ನಿನ್ನೆ ರಾತ್ರಿ ಅಡಗಿ ಮನ್ಯಾಗ ಪಾತ್ರಿ ತಿಕ್ಕೋತ ಆಕಿ ಒಬ್ಬಾಕಿನೇ "ಎಂಟು ರೂಪಾಯಿ, ಎಂಟು ರೂಪಾಯಿ" ಅಂತಿದ್ಲು. ನಿಮಗ ಬೇಕಾಗಿದ್ರ ಆಕಿಗೇ ಫೋನ್ ಹಚ್ಚರಿ. ರೇಟು ಕೇಳ್ರಿ. ಆಕಿ ಹೇಳೋತನಕ ಜರಾ ತಡೀರಿ, ನಡುವ ಬಾಯಿ ಹಾಕಬ್ಯಾಡ್ರಿ.